ಕೆರೆ ಊರಿನದು, ತೂಬು ನೀರುಗಂಟಿಯದು

ಕೆಮ್ಮಣ್ಣುಗುಂಡಿ ಕಡೆಯಿಂದ ಹೆಬ್ಬೆ ಜಲಪಾತಕ್ಕೆ ಹೋಗಿ ಬಂದವರಿಗೆ ಆ ದಾರಿ ನೆನಪಿರುತ್ತದೆ. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತದಲ್ಲಿ ಧುಮುಕುವ ಆ ನೀರು ಯಾರೊಬ್ಬರ ಆಸ್ತಿಯೂ ಅಲ್ಲ, ನೋಡಲು ಯಾರು ಬೇಕಾದರೂ ಬರಬಹುದು. ಆದರೆ ನಿಮ್ಮ ಸ್ವಂತ ಕಾರು ಜಲಪಾತದ ಬುಡದವರೆಗೆ ಹೋಗುವುದಿಲ್ಲ. ಟಿಕೆಟ್ ಪಡೆದು ಜೀಪು ಹತ್ತಬೇಕು. ಕಾಫಿ ತೋಟಗಳ ನಡುವಿನ ಕಲ್ಲುಮಣ್ಣಿನ ದಾರಿಯಲ್ಲಿ ಮೈಕೈ ನೋಯುವಷ್ಟು ಕುಲುಕಾಡಿ, ಕೊನೆಗೆ ಇಳಿದು ಹಳ್ಳ ದಾಟಿ ನಡೆಯಬೇಕು. ಎಲ್ಲರಿಗೂ ಸೇರಿದ ಜಾಗ ಹೌದು, ಅಲ್ಲಿಗೂ ಒಂದು ಗೇಟು ಇದೆ. ಈ ಎರಡು ಮಾತನ್ನು ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇವತ್ತು ಹೇಳಬೇಕಾದ ವಿಷಯಕ್ಕೆ ಅಷ್ಟು ಪೀಠಿಕೆ ಸಾಕು.

ತರೀಕೆರೆ, ಕಡೂರು, ಅಜ್ಜಂಪುರದ ಕಡೆಯ ಕಾಲೇಜು ಮಕ್ಕಳಿಗೆ ಓಪನ್ ಸೋರ್ಸ್ ಪರಿಚಯ ಮಾಡಿಕೊಡುವಾಗ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದೇ. "ಸರ್, ಮುಕ್ತ ಅಂತಾರೆ, ಯಾರು ಬೇಕಾದ್ರೂ ಬರಬಹುದು ಅಂತಾರೆ. ಹೋಗಿ ಏನೋ ಬರೆದರೆ ಒಳಗೇ ಬಿಡಲ್ಲ. ಇದೆಂಥ ಮುಕ್ತ?" ಕೇಳುವವರ ದನಿಯಲ್ಲಿ ಕೋಪಕ್ಕಿಂತ ಅವಮಾನವೇ ಹೆಚ್ಚಿರುತ್ತದೆ. ಮೊದಲ ಸಲ ಧೈರ್ಯ ಮಾಡಿ, ಇಂಗ್ಲಿಷನ್ನು ಹತ್ತು ಸಲ ತಿದ್ದಿ ಕಳಿಸಿದ ಸಂದೇಶಕ್ಕೆ "ಇಲ್ಲಿ ಬರೆಯಲು ನಿಮಗೆ ಅನುಮತಿ ಇಲ್ಲ" ಎಂಬ ಉತ್ತರ ಬಂದರೆ ಯಾರಿಗಾದರೂ ನೋವಾಗುತ್ತದೆ. ಅಲ್ಲಿಂದ ವಾಪಸಾದ ಎಷ್ಟೋ ಮಕ್ಕಳು ಮತ್ತೆ ಆ ಕಡೆ ತಿರುಗಿ ನೋಡಿಲ್ಲ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮುಕ್ತ ಎಂದರೆ ಏನು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳೋಣ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಎಂಬ ಯೋಜನೆ ಘೋಷಿಸಿದರು. ಅಲ್ಲಿಂದ ಬೆಳೆದ ವಿಚಾರದ ಪ್ರಕಾರ ಮುಕ್ತ ತಂತ್ರಾಂಶ ಬಳಸುವವರಿಗೆ ನಾಲ್ಕು ಸ್ವಾತಂತ್ರ್ಯಗಳಿವೆ. ಯಾವ ಕೆಲಸಕ್ಕೆ ಬೇಕಾದರೂ ಅದನ್ನು ಓಡಿಸಬಹುದು. ಅದರ ಕೋಡ್ ತೆರೆದು ಓದಿ, ಬೇಕಾದಂತೆ ತಿದ್ದಿಕೊಳ್ಳಬಹುದು. ಪ್ರತಿ ಮಾಡಿ ಪಕ್ಕದವರಿಗೆ ಕೊಡಬಹುದು. ತಿದ್ದಿದ್ದನ್ನೂ ಹಂಚಬಹುದು. 1989ರಲ್ಲಿ ಬಂದ ಜಿಪಿಎಲ್ ಎಂಬ ಲೈಸೆನ್ಸ್ ಈ ಸ್ವಾತಂತ್ರ್ಯಗಳನ್ನು ಕಾನೂನಿನ ಭಾಷೆಯಲ್ಲಿ ಕಟ್ಟಿಕೊಟ್ಟಿತು. ಇವುಗಳಲ್ಲಿ ಒಂದನ್ನು ಕಿತ್ತುಕೊಂಡರೂ ಅದು ಮುಕ್ತ ತಂತ್ರಾಂಶವಲ್ಲ.

ಈಗ ಇದನ್ನೇ ಇನ್ನೊಮ್ಮೆ ನಿಧಾನವಾಗಿ ಓದಿ. "ನೀವು ತಿದ್ದಿದ್ದನ್ನು ನಾವು ನಮ್ಮ ಪ್ರತಿಯಲ್ಲಿ ಸೇರಿಸಿಕೊಳ್ಳಲೇಬೇಕು" ಎಂದು ಎಲ್ಲಿಯಾದರೂ ಇದೆಯೇ? "ನಾವು ಕೆಲಸ ಮಾಡುವ ಕೋಣೆಗೆ ಬಂದು ಯಾರು ಯಾವಾಗ ಬೇಕಾದರೂ ಮಾತಾಡಬಹುದು" ಎಂದಿದೆಯೇ? ಇಲ್ಲ. ನಿಮ್ಮ ಪ್ರತಿ ನಿಮ್ಮದು, ಅದರಲ್ಲಿ ನೀವು ಏನು ಮಾಡಿದರೂ ಕೇಳುವವರಿಲ್ಲ. ಎಲ್ಲರೂ ನಂಬಿ ಇಳಿಸಿಕೊಳ್ಳುವ ಮೂಲ ಪ್ರತಿಗೆ ಮಾತ್ರ ಕಾವಲು ಇರುತ್ತದೆ. ಇದಕ್ಕೆ ಅತ್ಯಂತ ನೇರವಾದ ಉದಾಹರಣೆ ನಿಮ್ಮ ಜೇಬಿನಲ್ಲೇ ಇದೆ. ಎಸ್‌ಕ್ಯೂಲೈಟ್ ಎಂಬ ದತ್ತಾಂಶ ತಂತ್ರಾಂಶ ಪ್ರತಿಯೊಂದು ಆಂಡ್ರಾಯ್ಡ್ ಫೋನಿನಲ್ಲೂ ಇದೆ. ಅದರ ಕೋಡಿನ ಮೇಲೆ ಹಕ್ಕುಸ್ವಾಮ್ಯವನ್ನೇ ಬಿಟ್ಟುಕೊಟ್ಟಿದ್ದಾರೆ, ಯಾರು ಬೇಕಾದರೂ ಏನು ಬೇಕಾದರೂ ಮಾಡಿಕೊಳ್ಳಬಹುದು. ಆದರೆ ಹೊರಗಿನವರು ಬರೆದ ಕೋಡನ್ನು ಅವರು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದಾರೆ. ತೆಗೆದುಕೊಂಡು ಹೋಗಲು ಪೂರ್ತಿ ಮುಕ್ತ, ತಂದು ಹಾಕಲು ಪೂರ್ತಿ ಬಂದ್.

ನಮ್ಮ ಬಯಲು ಕಡೆಯ ಊರುಗಳಲ್ಲಿ ಹುಟ್ಟಿದವರಿಗೆ ಇದು ಹೊಸ ಸಂಗತಿ ಆಗಬೇಕಿಲ್ಲ. ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಯನ್ನೇ ತೆಗೆದುಕೊಳ್ಳಿ, ಕಡೂರು ಕಡೆಯ ಮದಗದ ಕೆರೆಯನ್ನೇ ತೆಗೆದುಕೊಳ್ಳಿ, ನಿಮ್ಮೂರಿನ ಚಿಕ್ಕ ಕೆರೆಯನ್ನಾದರೂ ನೋಡಿ. ಕೆರೆ ಊರಿನದು. ಏರಿಯ ಮೇಲೆ ಯಾರು ಬೇಕಾದರೂ ನಡೆಯಬಹುದು, ದನ ನೀರು ಕುಡಿಯಬಹುದು, ನೀರು ಎಷ್ಟಿದೆ ಎಂದು ಯಾರು ಬೇಕಾದರೂ ಕಣ್ಣಳತೆ ಮಾಡಬಹುದು. ತೂಬು ಎತ್ತುವವನು ಮಾತ್ರ ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಇವತ್ತು ಯಾರ ಸರದಿ ಎಂಬ ಲೆಕ್ಕ ಅವನದು. ಸುಗ್ಗಿಯಲ್ಲಿ ಕಣದ ಮೇಲೆ ಅವನ ಪಾಲಿನ ಕಾಳು ಅವನಿಗೆ ಸಲ್ಲುತ್ತಿತ್ತು. ಅವನು ಕೆರೆಯ ಯಜಮಾನನಲ್ಲ, ಊರವರ ಆಳು. ಆದರೂ ಊರ ಗೌಡನೇ ರಾತ್ರಿ ಹೋಗಿ ತೂಬು ಎತ್ತಿದರೆ ಅದನ್ನು ಕಳ್ಳತನ ಎಂದೇ ಕರೆಯುತ್ತಿದ್ದರು. ನೀರು ಎಲ್ಲರದು ಎಂಬ ಕಾರಣಕ್ಕೇ ತೂಬು ಒಬ್ಬನ ಕೈಯಲ್ಲಿತ್ತು.

ಓಪನ್ ಸೋರ್ಸ್‌ನಲ್ಲಿ ಈ ನೀರುಗಂಟಿಗೆ ಮೇಂಟೇನರ್ ಎನ್ನುತ್ತಾರೆ. ತೂಬಿಗೆ ಕೈ ಹಾಕಿದ ಕಳ್ಳನ ಕಥೆಯೊಂದು ಅಲ್ಲಿಯೂ ಇದೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

2003ರ ನವೆಂಬರ್. ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಮೂಲ ಕೋಡ್ ಆಗ ಬಿಟ್‌ಕೀಪರ್ ಎಂಬ ವ್ಯವಸ್ಥೆಯಲ್ಲಿತ್ತು. ಅದನ್ನು ಬಳಸಲು ಇಷ್ಟವಿಲ್ಲದವರ ಅನುಕೂಲಕ್ಕೆ ಸಿವಿಎಸ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಒಂದು ನಕಲನ್ನೂ ಇಟ್ಟಿದ್ದರು. ಯಾರೋ ಆ ನಕಲಿನ ಸರ್ವರಿಗೆ ನುಗ್ಗಿ ಎರಡೇ ಎರಡು ಸಾಲು ಸೇರಿಸಿದರು. ಓದುವವರಿಗೆ ಅದು ಸಾಮಾನ್ಯ ತಪಾಸಣೆಯ ಸಾಲಿನಂತೆ ಕಾಣುತ್ತಿತ್ತು. ಕೆಲವು ಆಯ್ಕೆಗಳು ಹೀಗಿದ್ದು, ಬಳಕೆದಾರರ ಸಂಖ್ಯೆ ಸೊನ್ನೆ ಆಗಿದ್ದರೆ ತಪ್ಪು ಎಂದು ಹೇಳು, ಅಷ್ಟೇ. ಸಿ ಭಾಷೆ ಕಲಿತವರಿಗೆ ಗೊತ್ತಿರುವಂತೆ "ಸೊನ್ನೆ ಇದೆಯೇ?" ಎಂದು ಕೇಳಲು ಎರಡು ಸಮ ಚಿಹ್ನೆ ಬರೆಯಬೇಕು. ಅಲ್ಲಿ ಒಂದೇ ಒಂದು ಸಮ ಚಿಹ್ನೆ ಇತ್ತು. ಒಂದು ಸಮ ಚಿಹ್ನೆ ಪ್ರಶ್ನೆ ಕೇಳುವುದಿಲ್ಲ, "ಸೊನ್ನೆ ಮಾಡು" ಎಂದು ಆಜ್ಞೆ ಕೊಡುತ್ತದೆ. ಲಿನಕ್ಸ್‌ನಲ್ಲಿ ಸೊನ್ನೆ ಸಂಖ್ಯೆಯ ಬಳಕೆದಾರ ಎಂದರೆ ರೂಟ್, ಇಡೀ ಯಂತ್ರದ ಒಡೆಯ. ಆ ಸಾಲು ಮೂಲಕ್ಕೆ ಸೇರಿದ್ದರೆ, ಗುಟ್ಟು ತಿಳಿದ ಯಾವನೇ ಸಾಮಾನ್ಯ ಬಳಕೆದಾರ ಕ್ಷಣಮಾತ್ರದಲ್ಲಿ ಯಂತ್ರದ ಯಜಮಾನ ಆಗಿಬಿಡುತ್ತಿದ್ದ.

ಅದು ಸಿಕ್ಕಿಬಿದ್ದದ್ದು ಹೇಗೆ? ನಕಲಿನಲ್ಲಿದ್ದ ಆ ಬದಲಾವಣೆಗೆ ಮೂಲದಲ್ಲಿ ಜೋಡಿ ದಾಖಲೆ ಇರಲಿಲ್ಲ. ಯಾರು ಕಳಿಸಿದರು, ಯಾರು ಒಪ್ಪಿದರು ಎಂಬ ಗುರುತಿಲ್ಲದ ಎರಡು ಸಾಲು. ಮೂಲದ ತೂಬು ಕೆಲವೇ ಜನರ ಕೈಯಲ್ಲಿ ಇದ್ದುದರಿಂದ, ಅದನ್ನು ದಾಟಿ ಬಾರದ ನೀರು ಯಾವುದೆಂದು ಕೂಡಲೇ ಗೊತ್ತಾಯಿತು. ಎಲ್ಲರಿಗೂ ಬರೆಯುವ ಹಕ್ಕು ಇದ್ದಿದ್ದರೆ ಸಾವಿರ ಸಾಲುಗಳ ನಡುವೆ ಆ ಒಂದು ಸಮ ಚಿಹ್ನೆಯನ್ನು ಯಾರು ಹುಡುಕುತ್ತಿದ್ದರು? ಒಂದು ಚಿಹ್ನೆಗಾಗಿ ಇಷ್ಟು ಹೇಳಿದ್ದಕ್ಕೆ ಬೇಸರ ಬೇಡ. ಬರೆಯುವ ಹಕ್ಕನ್ನು ಯಾಕೆ ಕಾಯುತ್ತಾರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಗೆಂದು ಲಿನಕ್ಸ್‌ಗೆ ಹೊಸಬರು ಹೋಗುವಂತಿಲ್ಲವೇ? ಹೋಗಬಹುದು, ದಾರಿ ಇದೆ. ನೀವು ಮಾಡಿದ ತಿದ್ದುಪಡಿಯನ್ನು ಪ್ಯಾಚ್ ರೂಪದಲ್ಲಿ ಮೇಲ್ ಮಾಡಬೇಕು. ಕೊನೆಯಲ್ಲಿ ನಿಮ್ಮ ಹೆಸರಿನ ಸಹಿ ಸಾಲು ಇರಬೇಕು. "ಇದನ್ನು ಕೊಡುವ ಹಕ್ಕು ನನಗಿದೆ" ಎಂಬ ಪ್ರಮಾಣ ಅದು, 2004ರಿಂದ ಬಂದ ಪದ್ಧತಿ. ಯಾವ ಭಾಗಕ್ಕೆ ಯಾರು ಹೊಣೆ ಎಂದು ತಿಳಿಸುವ ಮೇಂಟೇನರ್ಸ್ ಎಂಬ ಕಡತ ಕೋಡಿನ ಜೊತೆಯಲ್ಲೇ ಬರುತ್ತದೆ. ಅದನ್ನು ತೆರೆದು ನೋಡಿ. ಕೆಲವು ಭಾಗಗಳ ಚರ್ಚಾ ವಿಳಾಸದ ಮುಂದೆ ಏನೂ ಷರತ್ತಿಲ್ಲ. ಕೆಲವದರ ಮುಂದೆ, ಸದಸ್ಯರಲ್ಲದವರ ಪತ್ರವನ್ನು ಮೊದಲು ಪರಿಶೀಲಿಸಿ ಆಮೇಲೆ ಬಿಡುತ್ತೇವೆ ಎಂದಿದೆ. ಇನ್ನು ಕೆಲವಕ್ಕೆ ಸದಸ್ಯರು ಮಾತ್ರ ಬರೆಯಬಹುದು. ಒಂದೇ ಮನೆಯಲ್ಲಿ ಜಗಲಿ, ಪಡಸಾಲೆ, ನಡುಮನೆ ಇದ್ದಂತೆ. ಜಗಲಿಗೆ ಯಾರೂ ಬರಬಹುದು, ನಡುಮನೆಗೆ ಪರಿಚಯ ಬೇಕು.

ಕೋಡಿಗೆ ಕಾವಲು ಬೇಕೆಂಬುದನ್ನು ಮಕ್ಕಳು ಬೇಗ ಒಪ್ಪುತ್ತಾರೆ. ಮಾತಿಗೆ ಯಾಕೆ ಕಾವಲು ಎಂಬಲ್ಲಿ ತಡವರಿಸುತ್ತಾರೆ. ನಿಜವಾಗಿ ಕಷ್ಟದ ಪ್ರಶ್ನೆ ಇದೇ. ಮಾತಾಡಿದರೆ ಯಂತ್ರ ಹಾಳಾಗುವುದಿಲ್ಲವಲ್ಲ?

ಯಂತ್ರ ಹಾಳಾಗುವುದಿಲ್ಲ, ಕೆಲಸ ಮಾಡುವವರ ಹೊತ್ತು ಹಾಳಾಗುತ್ತದೆ. ಈ ಯೋಜನೆಗಳಲ್ಲಿ ಬಹುಪಾಲು ಜನ ನೌಕರಿ ಮುಗಿಸಿ, ಮಕ್ಕಳನ್ನು ಮಲಗಿಸಿ, ರಾತ್ರಿ ಎರಡು ಗಂಟೆ ಕೂರುವವರು. ಆ ಎರಡು ಗಂಟೆಯಲ್ಲಿ ಐವತ್ತು ಜಗಳದ ಪತ್ರ ಓದಬೇಕಾಗಿ ಬಂದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಜೆಂಟೂ ಎಂಬ ಲಿನಕ್ಸ್ ವಿತರಣೆಯಲ್ಲಿ ಈ ಪ್ರಶ್ನೆ ನೇರವಾಗಿ ಎದುರಾಯಿತು. ತಂತ್ರಾಂಶಗಳನ್ನು ಬಳಕೆದಾರರ ಯಂತ್ರದಲ್ಲೇ ಮೂಲ ಕೋಡಿನಿಂದ ಕಟ್ಟಿಕೊಳ್ಳುವುದು ಅದರ ವೈಶಿಷ್ಟ್ಯ. ಅಭಿವೃದ್ಧಿಗಾರರು ತಾಂತ್ರಿಕ ವಿಷಯ ಚರ್ಚಿಸುವ ಜಾಗದಲ್ಲಿ ಮೊದಲು ಯಾರು ಬೇಕಾದರೂ ಬರೆಯಬಹುದಿತ್ತು. 2018ರ ಜನವರಿಯಿಂದ ಅಲ್ಲಿ ಬರೆಯುವ ಹಕ್ಕನ್ನು ಸಕ್ರಿಯ ಅಭಿವೃದ್ಧಿಗಾರರಿಗೆ ಮತ್ತು ಅವರು ಒಪ್ಪಿ ಪಟ್ಟಿಗೆ ಸೇರಿಸಿದ ಹೊರಗಿನವರಿಗೆ ಮಾತ್ರ ಎಂದು ಜೆಂಟೂ ಮಂಡಳಿ ಮಿತಿಗೊಳಿಸಿತು.

ಅವರು ಏನನ್ನು ಮುಚ್ಚಲಿಲ್ಲ ಎಂಬುದನ್ನು ಗಮನಿಸಿ. ಸದಸ್ಯರಾಗಿ ಎಲ್ಲ ಪತ್ರ ತರಿಸಿಕೊಂಡು ಓದುವುದು ಮೊದಲಿನಂತೆ ಎಲ್ಲರಿಗೂ ತೆರೆದಿತ್ತು. ಹಳೆಯ ಪತ್ರಗಳ ಭಂಡಾರವೂ ತೆರೆದೇ ಇತ್ತು. ಸಂಸ್ಥೆಯ ನಡವಳಿಕೆ, ನೀತಿ ನಿಯಮದ ಬಗ್ಗೆ ಮಾತಾಡುವ ಇನ್ನೊಂದು ಜಾಗ ಎಲ್ಲರಿಗೂ ಮುಕ್ತವಾಗಿ ಉಳಿಯಿತು. ಹೊರಗಿನವರನ್ನು ಪಟ್ಟಿಗೆ ಸೇರಿಸಲು ಮಂಡಳಿಯ ಅಪ್ಪಣೆಯೇ ಬೇಕಿರಲಿಲ್ಲ, ಯಾವೊಬ್ಬ ಅಭಿವೃದ್ಧಿಗಾರನೂ ಸೇರಿಸಬಹುದಿತ್ತು. ಅಂದರೆ ಒಳಗಿನವರಲ್ಲಿ ಒಬ್ಬರಾದರೂ "ಇವರನ್ನು ನಾನು ಬಲ್ಲೆ" ಎಂದರೆ ಸಾಕು. ನನ್ನ ಮಟ್ಟಿಗೆ ಅದು ಸಹಿಸಬಹುದಾದ ಮಿತಿ. ಆದರೆ ಯಾರನ್ನೂ ಅರಿಯದ, ದೂರದ ಊರಿನ ಒಬ್ಬ ಹುಡುಗಿಗೆ ಆ ಒಂದು ಪರಿಚಯವೂ ದೊಡ್ಡ ಬೆಟ್ಟ ಎಂಬುದನ್ನು ಮರೆಯುವಂತಿಲ್ಲ. ಗಲಾಟೆ ಮಾಡುವವರು ನಾಲ್ಕೇ ಜನರಿದ್ದರೆ ಆ ನಾಲ್ಕು ಜನರನ್ನು ತಡೆಯುವುದು ಮೊದಲ ದಾರಿ. ಎಲ್ಲರ ಬಾಯಿಗೂ ಬೀಗ ಹಾಕುವುದು ಕೊನೆಯ ದಾರಿ ಆಗಿರಬೇಕು.

ತಪ್ಪು ಯಾವಾಗಲೂ ಕೆಟ್ಟ ಮನಸ್ಸಿನಿಂದಲೇ ಆಗುತ್ತದೆ ಎಂದೂ ಅಲ್ಲ. 2020ರ ಅಕ್ಟೋಬರಿನಲ್ಲಿ, ಕೊಡುಗೆ ಕೊಟ್ಟವರಿಗೆ ಟೀ ಶರ್ಟ್ ಕೊಡುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ವಾರ್ಷಿಕ ಕಾರ್ಯಕ್ರಮದಲ್ಲಿ ಅರ್ಥವಿಲ್ಲದ ತಿದ್ದುಪಡಿಗಳ ಮಹಾಪೂರ ಬಂತು. ಒಪ್ಪಿಗೆ ಕೊಟ್ಟ ಯೋಜನೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಸಂಘಟಕರು ನಡುವೆಯೇ ನಿಯಮ ಬದಲಿಸಬೇಕಾಯಿತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಪ್ರಸಿದ್ಧ ಜಾವಾಸ್ಕ್ರಿಪ್ಟ್ ಯೋಜನೆಗೆ ನಮ್ಮ ದೇಶದ ವಿದ್ಯಾರ್ಥಿಗಳಿಂದಲೇ "ನನ್ನ ತಿದ್ದುಪಡಿ ಸೇರಿಸಿಕೊಳ್ಳಿ" ಎಂಬ ಕೋರಿಕೆಗಳು, ಅಂದರೆ ಪುಲ್ ರಿಕ್ವೆಸ್ಟ್‌ಗಳು ರಾಶಿ ರಾಶಿಯಾಗಿ ಬಂದವು. ಪರಿಚಯ ಪುಟದಲ್ಲಿ ತಮ್ಮ ಹೆಸರು ಸೇರಿಸುವುದು, ಅಷ್ಟೇ ಬದಲಾವಣೆ. ಒಂದು ಪಾಠದ ವಿಡಿಯೊದಲ್ಲಿ ಪುಲ್ ರಿಕ್ವೆಸ್ಟ್ ಕಳಿಸುವುದು ಹೇಗೆ ಎಂದು ಆ ಯೋಜನೆಯನ್ನೇ ಇಟ್ಟುಕೊಂಡು ತೋರಿಸಿದ್ದರು, ಮಕ್ಕಳು ಅದನ್ನು ಹಾಗೆಯೇ ಮಾಡಿದರು. ಕಲಿಯುವ ಆಸೆಯಿಂದ ಮಾಡಿದ್ದೇ. ಆದರೆ ಅತ್ತ ಕಡೆ ಒಬ್ಬ ಮನುಷ್ಯ ಕುಳಿತು ಅದನ್ನೆಲ್ಲ ಒಂದೊಂದಾಗಿ ತೆರೆದು ಮುಚ್ಚಬೇಕಾಯಿತು. ಅಭ್ಯಾಸಕ್ಕೆ ನಿಮ್ಮದೇ ಒಂದು ಖಾಲಿ ಯೋಜನೆ ತೆರೆದುಕೊಳ್ಳಿ, ಗೆಳೆಯರು ಪರಸ್ಪರ ಕಳಿಸಿಕೊಳ್ಳಿ. ಇದನ್ನು ಕಲಿಸುವ ಜವಾಬ್ದಾರಿ ನನ್ನಂಥ ಮೇಷ್ಟರದು.

ಇಂಥ ನೆರೆ ಬಂದಾಗ ಬಳಸಲೆಂದೇ, ಇಂಥ ಯೋಜನೆಗಳ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಒಂದು ಏರ್ಪಾಡಿದೆ. ಹೊಸ ಖಾತೆಯವರು ಬರೆಯುವಂತಿಲ್ಲ, ಮೊದಲು ಕೊಡುಗೆ ಕೊಟ್ಟವರು ಮಾತ್ರ ಬರೆಯಬಹುದು, ಅಥವಾ ಯೋಜನೆಯ ಸಹಯೋಗಿಗಳು ಮಾತ್ರ, ಹೀಗೆ ಮಿತಿ ಹಾಕಬಹುದು. ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಅವಧಿ. 24 ಗಂಟೆ, 3 ದಿನ, ಒಂದು ವಾರ, ಒಂದು ತಿಂಗಳು, ಹೆಚ್ಚೆಂದರೆ 6 ತಿಂಗಳು. ಅವಧಿ ಮುಗಿದ ಕೂಡಲೇ ಬಾಗಿಲು ತಾನಾಗಿಯೇ ತೆರೆಯುತ್ತದೆ. ಮುಚ್ಚುವಾಗಲೇ ತೆರೆಯುವ ದಿನವನ್ನೂ ಬರೆದಿಟ್ಟುಕೊಳ್ಳುವ ಈ ಪದ್ಧತಿ ಎಲ್ಲ ಕಡೆ ಬರಬೇಕು.

ಇನ್ನು ನಮ್ಮ ಕನ್ನಡದ್ದೇ ಮನೆಗೆ ಬರೋಣ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಇಂದು ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಅಲ್ಲಿ ಸಮುದಾಯದವರು ಸೇರಿ ಚರ್ಚಿಸುವ ಪುಟದ ಹೆಸರು ಅರಳಿ ಕಟ್ಟೆ. ಆ ಹೆಸರಿಟ್ಟವರಿಗೆ ಊರು ಗೊತ್ತಿತ್ತು. ಬೇಲಿಯಿಲ್ಲ, ಬಾಗಿಲಿಲ್ಲ, ಹೋಗುವವರು ಬರುವವರು ಯಾರು ಬೇಕಾದರೂ ಕೂರಬಹುದು. 2009ರಿಂದ 2011ರವರೆಗೆ ಗೂಗಲ್ ಸಂಸ್ಥೆ ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಸಂಬಳದ ಅನುವಾದಕರಿಂದ, ತನ್ನದೇ ಅನುವಾದದ ಉಪಕರಣ ಬಳಸಿ ಲೇಖನ ಹಾಕಿಸಿತು. ಉದ್ದೇಶ ಒಳ್ಳೆಯದೇ, ನಮ್ಮ ಭಾಷೆಗಳಲ್ಲಿ ಓದಲು ಹೆಚ್ಚು ಸಿಗಲಿ ಎಂದು. ಆದರೆ ವಿಷಯಗಳನ್ನು ಆರಿಸಿದ್ದು ಜನ ಅಂತರ್ಜಾಲದಲ್ಲಿ ಏನು ಹುಡುಕುತ್ತಾರೆ ಎಂಬ ಲೆಕ್ಕದ ಮೇಲೆ. ಹಾಗಾಗಿ ಇಲ್ಲಿನ ಊರು, ಕೆರೆ, ಬೆಳೆಯ ಬಗ್ಗೆ ಒಂದು ಪುಟ ಇಲ್ಲದ ಜಾಗದಲ್ಲಿ ಹೊರದೇಶದ ಹಾಡುಗಾರರ ಬಗ್ಗೆ ಉದ್ದುದ್ದ ಲೇಖನ ಬಂದು ಕೂತವು. ವಾಕ್ಯಗಳು ಇಂಗ್ಲಿಷಿನ ಮೂಳೆಗೆ ಕನ್ನಡದ ಚರ್ಮ ಹೊದಿಸಿದಂತಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಬರೆದವರು ಹಾಕಿ ಹೋದರು, ಕಟ್ಟೆಯ ಮೇಲೆ ಕೂತು ಮಾತಾಡಲಿಲ್ಲ.

ಬಂಗಾಳಿ ಸಮುದಾಯ ಅಂಥ ಲೇಖನಗಳನ್ನು ತಡೆಯಿತು. ತಮಿಳರು ಕೂತು ಮಾತಾಡಿ, ಗುಣಮಟ್ಟದ ಬಗ್ಗೆ ಷರತ್ತು ಹಾಕಿದರು. 2010ರಲ್ಲಿ ಪೋಲೆಂಡಿನ ಗ್ಡಾನ್ಸ್ಕ್‌ನಲ್ಲಿ ನಡೆದ ವಿಕಿಮೀಡಿಯ ಸಮ್ಮೇಳನದವರೆಗೂ ಆ ವಿಷಯವನ್ನು ಒಯ್ದರು. ಕನ್ನಡದಲ್ಲಿ ಆಗ ಸಕ್ರಿಯರಾಗಿ ಕಾಯುವ ಕೈಗಳು ತೀರಾ ಕಡಿಮೆ. ಲೇಖನಗಳು ಬಂದವು, ಉಳಿದವು, ಅವನ್ನು ತಿದ್ದುವ ಕೆಲಸ ಆಮೇಲೆ ಬಂದ ಸ್ವಯಂಸೇವಕರ ತಲೆಯ ಮೇಲೆ ಬಿತ್ತು. ಬಾಗಿಲು ತೆರೆದಿಟ್ಟರೆ ಸಾಲದು, ಬಾಗಿಲಲ್ಲಿ ನಿಂತು "ಬನ್ನಿ, ಕೂತುಕೊಳ್ಳಿ, ಏನು ತಂದಿರಿ?" ಎಂದು ಕೇಳುವ ಮನೆಯವರೂ ಬೇಕು. ಕನ್ನಡಕ್ಕೆ ಇವತ್ತಿಗೂ ಇರುವ ಕೊರತೆ ಅದು, ಹೇಳುವಾಗ ನನಗೆ ಸಂಕಟವಾಗುತ್ತದೆ.

ಇಂಗ್ಲಿಷ್ ವಿಕಿಪೀಡಿಯದ ಅನುಭವವೂ ಹೀಗೆ ಹಂತಹಂತದ್ದು. ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೈಗನ್‌ಥಾಲರ್ ಬಗ್ಗೆ ಯಾರೋ ಬರೆದ ಹಸಿ ಸುಳ್ಳು 2005ರಲ್ಲಿ ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಆ ವರ್ಷದ ಡಿಸೆಂಬರಿನಲ್ಲಿ, ಖಾತೆ ಇಲ್ಲದವರು ಹೊಸ ಲೇಖನ ಆರಂಭಿಸುವಂತಿಲ್ಲ ಎಂದಾಯಿತು. 2018ರಿಂದ ಅಲ್ಲಿ ನೇರವಾಗಿ ಹೊಸ ಲೇಖನ ಹಾಕಲು ಖಾತೆಗೆ 4 ದಿನ ಆಗಿರಬೇಕು, 10 ತಿದ್ದುಪಡಿ ಮಾಡಿರಬೇಕು. ಇದ್ದ ಲೇಖನ ತಿದ್ದುವುದು ಬಹುತೇಕ ಕಡೆ ಎಲ್ಲರಿಗೂ ತೆರೆದೇ ಇದೆ.

ಇಷ್ಟೆಲ್ಲ ಕಾವಲಿನ ಪರವಾಗಿ ಹೇಳಿದೆ. ಈಗ ಇನ್ನೊಂದು ಮಗ್ಗುಲು. ಕಾವಲು ಅತಿಯಾದರೆ ಕೆರೆಯೇ ಒಣಗುತ್ತದೆ. ಜಿಸಿಸಿ ಎಂಬ ಕಂಪೈಲರ್ ಗ್ನೂ ಯೋಜನೆಯ ಕಿರೀಟದಂಥದ್ದು. 1990ರ ದಶಕದಲ್ಲಿ ಅದರ ಮೂಲಕ್ಕೆ ಹೊರಗಿನವರ ಕೆಲಸ ಸೇರುವುದು ತೀರಾ ನಿಧಾನವಾಗಿತ್ತು. ಕಾದು ಕಾದು ಸಾಕಾದ ಒಂದು ಗುಂಪು 1997ರಲ್ಲಿ ಅದೇ ಕೋಡನ್ನು ಪ್ರತಿ ಮಾಡಿಕೊಂಡು ಈಜಿಸಿಎಸ್ ಎಂಬ ಹೆಸರಿನಲ್ಲಿ ಬೇರೆ ಒಲೆ ಹೂಡಿತು. ತಂತ್ರಾಂಶದ ಭಾಷೆಯಲ್ಲಿ ಇದಕ್ಕೆ ಫೋರ್ಕ್ ಎನ್ನುತ್ತಾರೆ, ಕವಲೊಡೆಯುವುದು. ಅಲ್ಲಿ ಹೊಸಬರಿಗೆ ಜಾಗ ಹೆಚ್ಚಿತ್ತು, ಕೆಲಸ ಚುರುಕಾಗಿ ನಡೆಯಿತು. ಎರಡು ವರ್ಷವೂ ಬೇಕಾಗಲಿಲ್ಲ. 1999ರಲ್ಲಿ ಆ ಬೇರೆ ಒಲೆಯನ್ನೇ ಅಧಿಕೃತ ಜಿಸಿಸಿ ಎಂದು ಒಪ್ಪಿಕೊಂಡರು. ಇಂದು ಎಲ್ಲರೂ ಬಳಸುವುದು ಅದರ ಮುಂದುವರಿಕೆಯನ್ನೇ. ಮೊದಲು ಹೇಳಿದ ನಾಲ್ಕು ಸ್ವಾತಂತ್ರ್ಯಗಳ ಬೆಲೆ ಇಲ್ಲಿ ಕಾಣುತ್ತದೆ. ಮೇಂಟೇನರ್ ಎಷ್ಟೇ ಬಿಗಿಯಾಗಿ ತೂಬು ಹಿಡಿದರೂ ಕೆರೆಯ ನೀರನ್ನೇ ಒಯ್ದು ಇನ್ನೊಂದು ಕೆರೆ ತುಂಬಿಸುವ ಹಕ್ಕು ಊರವರಿಗೆ ಇದೆ.

ನೀರುಗಂಟಿ ಒಬ್ಬಂಟಿಯಾದರೂ ಅಪಾಯವೇ. ಎಕ್ಸ್‌ಝಡ್ ಎಂಬ ಚಿಕ್ಕ ತಂತ್ರಾಂಶ ಕಡತಗಳನ್ನು ಕುಗ್ಗಿಸುವ ಕೆಲಸ ಮಾಡುತ್ತದೆ, ಸಾಮಾನ್ಯವಾಗಿ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಇದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಒಬ್ಬರೇ, ಲಾಸ್ಸೆ ಕಾಲಿನ್. ಜಿಯಾ ಟಾನ್ ಎಂಬ ಹೆಸರಿನ ಯಾರೋ 2021ರಿಂದ ಸೌಮ್ಯವಾಗಿ, ಉಪಯುಕ್ತವಾಗಿ ಕೆಲಸ ಮಾಡಿಕೊಡುತ್ತ ಬಂದರು. ಅದೇ ಹೊತ್ತಿಗೆ ಬೇರೆ ಹೆಸರಿನ ಖಾತೆಗಳು "ಕೆಲಸ ಆಗುತ್ತಿಲ್ಲ, ಹೊಸಬರಿಗೆ ಬಿಟ್ಟುಕೊಡಿ" ಎಂದು ದಣಿದಿದ್ದ ಆ ಮನುಷ್ಯನನ್ನು ಕುಟುಕಿದವು. ಕೊನೆಗೆ ಕೀಲಿ ಕೈ ಬದಲಾಯಿತು. 2024ರಲ್ಲಿ ಬಂದ ಎರಡು ಆವೃತ್ತಿಗಳಲ್ಲಿ ಕಳ್ಳ ಬಾಗಿಲೊಂದು ಸೇರಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತನ್ನ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನಟ್ಟಿ ಹೋಗಿ ಅದನ್ನು ಹಿಡಿದರು, ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದರು. ಅವರು ಆ ಯೋಜನೆಯವರಲ್ಲ, ಹೊರಗಿನವರು. ಕೋಡ್ ಎಲ್ಲರ ಕಣ್ಣಿಗೂ ತೆರೆದಿದ್ದುದರಿಂದ ಹುಡುಕಲು ಸಾಧ್ಯವಾಯಿತು, ಹೇಳಲು ಒಂದು ತೆರೆದ ಜಾಗ ಇದ್ದುದರಿಂದ ಜಗತ್ತು ಬಚಾವಾಯಿತು. ಹೊರಗಿನವರ ಬಾಯಿ ಪೂರ್ತಿ ಮುಚ್ಚಿಸುವವರು ಈ ಘಟನೆಯನ್ನು ನೆನಪಿಡಬೇಕು.

ಹಾಗಾದರೆ ಮುಚ್ಚಿದ ಬಾಗಿಲೊಂದು ಎದುರಾದಾಗ ನೀವು ಏನು ನೋಡಬೇಕು? ಒಳಗೆ ನಡೆಯುವ ಮಾತು ಓದಲು ಸಿಗುತ್ತಿದೆಯೇ ನೋಡಿ. ಸಿಗುತ್ತಿದ್ದರೆ ಅರ್ಧ ಚಿಂತೆ ಬಿಡಿ. ಯಾಕೆ ಮುಚ್ಚಿದ್ದೇವೆ ಎಂದು ಬರೆದಿದ್ದಾರೆಯೇ, ಒಳಗೆ ಬರಲು ಏನು ಮಾಡಬೇಕೆಂದು ತಿಳಿಸಿದ್ದಾರೆಯೇ, ತಕರಾರು ಹೇಳಲು ಬೇರೊಂದು ಜಾಗ ಬಿಟ್ಟಿದ್ದಾರೆಯೇ ಹುಡುಕಿ. ಇವು ಇದ್ದರೆ ಅದು ಹೆಬ್ಬೆಯ ದಾರಿಯ ಗೇಟಿನಂಥದ್ದು, ಟಿಕೆಟ್ ಪಡೆದು ಹೋಗಬಹುದು. ಕಾರಣವೂ ಇಲ್ಲ, ದಾರಿಯೂ ಇಲ್ಲ, ಒಳಗಿನ ಮಾತೂ ಕಾಣುವುದಿಲ್ಲ ಎಂದಾದರೆ ಅಲ್ಲಿ ನಿಮ್ಮ ಹೊತ್ತು ಹಾಳುಮಾಡಿಕೊಳ್ಳಬೇಡಿ. ಲೈಸೆನ್ಸ್ ಏನೇ ಹೇಳಲಿ, ಆ ಮನೆಯವರಿಗೆ ನೆಂಟರು ಬೇಕಾಗಿಲ್ಲ.

ಒಳಗೆ ಹೋಗಲು ನಾನು ಮಕ್ಕಳಿಗೆ ಹೇಳಿಕೊಡುವ ಕ್ರಮ ಬಹಳ ಸರಳ. ಮೊದಲ ಒಂದು ತಿಂಗಳು ಏನೂ ಬರೆಯಬೇಡಿ, ಓದಿ. ಯಾರು ಹೇಗೆ ಮಾತಾಡುತ್ತಾರೆ, ಯಾವ ಪ್ರಶ್ನೆಗೆ ಉತ್ತರ ಬರುತ್ತದೆ, ಯಾವುದಕ್ಕೆ ಮೌನ ಎಂಬುದು ತಾನಾಗಿ ತಿಳಿಯುತ್ತದೆ. ಆಮೇಲೆ ಯಾರೂ ಕೈ ಹಾಕದ ಚಿಕ್ಕ ಕೆಲಸ ಹಿಡಿಯಿರಿ. ಕೈಪಿಡಿಯಲ್ಲಿ ಒಂದು ತಪ್ಪು, ಕನ್ನಡ ಅನುವಾದದಲ್ಲಿ ಬಿಟ್ಟುಹೋದ ಒಂದು ಸಾಲು, ಒತ್ತಕ್ಷರ ಸರಿಯಾಗಿ ಮೂಡದ ಒಂದು ಫಾಂಟ್. ಏನು ತಪ್ಪಾಗಿದೆ, ಅದು ಕಾಣುವಂತೆ ಮಾಡುವುದು ಹೇಗೆ, ನಿಮ್ಮ ಪ್ರಕಾರ ಏನಾಗಬೇಕಿತ್ತು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಕಂಪ್ಯೂಟರ್ ಕೊಟ್ಟ ಉತ್ತರವನ್ನು ಓದದೆ ಅಂಟಿಸಬೇಡಿ, ಓದುವವರಿಗೆ ಒಂದೇ ನೋಟದಲ್ಲಿ ಗೊತ್ತಾಗುತ್ತದೆ. ಉತ್ತರ ಬಾರದಿದ್ದರೆ ಒಂದು ವಾರ ಕಾದು, ಒಮ್ಮೆ ವಿನಯದಿಂದ ನೆನಪಿಸಿ. ಇಂಥ ಕೆಲಸ ಮೂರು ನಾಲ್ಕು ಆದ ಮೇಲೆ ಒಳಗಿನವರಲ್ಲಿ ಒಬ್ಬರಿಗೆ ನಿಮ್ಮ ಹೆಸರು ನೆನಪಿರುತ್ತದೆ. ಪಟ್ಟಿಗೆ ಸೇರಿಸುವುದು ಆ ನೆನಪೇ.

ಮುಂದೊಂದು ದಿನ ತೂಬಿನ ಕೀಲಿ ನಿಮ್ಮಲ್ಲೇ ಯಾರದಾದರೂ ಕೈಗೆ ಬಂದರೆ, ದೂರದ ಊರಿನಿಂದ ಮುರುಕು ಇಂಗ್ಲಿಷಿನಲ್ಲಿ ಬಂದ ಮೊದಲ ಪತ್ರವನ್ನು ಪೂರ್ತಿ ಓದಿ ಉತ್ತರಿಸಿ.

ಈ ವಾರವೇ ಶುರು ಮಾಡಬಹುದು. ಕನ್ನಡ ವಿಕಿಪೀಡಿಯದಲ್ಲಿ ಖಾತೆ ತೆರೆಯಿರಿ, ಅರಳಿ ಕಟ್ಟೆಯ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿ. ಆಮೇಲೆ ನಿಮ್ಮೂರಿನದೋ ನಿಮ್ಮೂರ ಕೆರೆಯದೋ ಪುಟ ಇದೆಯೇ ಹುಡುಕಿ, ಅದರಲ್ಲಿ ತಪ್ಪಿರುವ ಒಂದು ವಾಕ್ಯವನ್ನು ಸರಿಪಡಿಸಿ, ಯಾಕೆ ಸರಿಪಡಿಸಿದಿರಿ ಎಂದು ಸಾರಾಂಶದ ಜಾಗದಲ್ಲಿ ಕನ್ನಡದಲ್ಲೇ ಬರೆಯಿರಿ. ಯಾರಾದರೂ ಅದನ್ನು ಹಿಂದಕ್ಕೆ ತಿರುಗಿಸಿದರೆ, ಆ ಪುಟದ ಚರ್ಚೆಗೆ ಹೋಗಿ ಕಾರಣ ಕೇಳಿ.